ಅತ್ತೆಯ ಮೊರ, ನನ್ನ ಬೆರಕೆ ಸೊಪ್ಪು

ಮಣ್ಣೊಳಗೆ ಯಾರಿಗೂ ಕಾಣದೆ ಕೂತಿದ್ದು, ಒಂದು ಹದ ಮಳೆ ಬಿದ್ದರೆ ಸಾಕು ಹಸಿರಾಗಿ ತಲೆ ಎತ್ತುವ ಪರಶಿವನಿಗೆ ಮೊದಲ ಶರಣು. ಬಿತ್ತದವರ ಹಿತ್ತಲಿನಲ್ಲೂ ಉಣ್ಣುವಷ್ಟು ಬೆಳೆದುಕೊಡುವ ತಾಯಿ ಅನ್ನಪೂರ್ಣೆಗೆ ಎರಡನೆಯ ಶರಣು. ಕೇಳಲು ಕೂತ ನಿಮಗೆಲ್ಲ ನನ್ನ ನಮಸ್ಕಾರ.

ಸೊಪ್ಪಿನ ವಿಷಯದಲ್ಲಿ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಬೇರೆಯವರು ಮಾರ್ಕೆಟ್ಟಿಗೆ ಹೋಗುತ್ತಾರೆ, ಒಂದು ಕಟ್ಟು ತರುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಬೆರಕೆ ಸೊಪ್ಪು ಕೀಳಲು ಬಗ್ಗಿದರೆ ಸೊಪ್ಪಿನ ಜೊತೆ ಒಂದು ಫಜೀತಿಯೂ ಮಡಿಲಿಗೆ ಬಿದ್ದಿರುತ್ತದೆ. ಬೆರಕೆ ಸೊಪ್ಪು ಅಂದರೆ ಒಂದೇ ಗಿಡದ್ದಲ್ಲ. ಹೊಲದ ಬದುವಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಖಾಲಿ ಸೈಟಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗೋಣಿ, ಗಣಿಕೆ, ಹೊನಗೊನೆ, ಕೀರೆ, ಹೀಗೆ ಏಳೆಂಟು ಬಗೆ ಸೇರಿದ್ದು. ಜನ ಕಳೆ ಅಂತ ಕಿತ್ತು ಎಸೆಯುವುದನ್ನೇ ನಾವು ಚಿಗುರು ಚಿವುಟಿ ತಂದು, ಬೇಳೆ ಜೊತೆ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಬಿಸಿ ಮುದ್ದೆ ಅದ್ದಿ ಉಂಡವರು. ಆ ಸಾರಿನ ವಾಸನೆ ನೆನೆದರೆ ಈಗಲೂ ನನಗೆ ಮೂವತ್ತು ವರ್ಷ ಕಮ್ಮಿಯಾಗುತ್ತದೆ.

ಶಿವ ತೋರಿಸಿದ ಸಾಲು

ನಾನು ತುಮಕೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು. ನನ್ನ ಮಟ್ಟಿಗೆ ಸೊಪ್ಪು ಅಂದರೆ ಬಾಳೆ ನಾರಿನಲ್ಲಿ ಕಟ್ಟಿಸಿಕೊಂಡು, ಸೊಪ್ಪಿನವಳ ತಲೆ ಮೇಲೆ ಕೂತು ಬಾಗಿಲಿಗೇ ಬರುವಂಥದ್ದು. ಮದುವೆಯಾಗಿ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆಯ ಹಳ್ಳಿಗೆ ಹೋದೆ. ಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ದಿನ ಬೆಳಿಗ್ಗೆ ಅತ್ತೆ ಅಂದರು, "ಹೊಲದ ತಾವ ಹೋಗಿ ಒಂದು ಮಡ್ಲು ಬೆರಕೆ ಸೊಪ್ಪು ಕಿತ್ಕೊಂಡು ಬಾರಮ್ಮಿ."

ಗೊತ್ತಿಲ್ಲ ಅನ್ನಲು ನಾಚಿಕೆ. ಹೊಲದ ಬದುವಿನಲ್ಲಿ ನಿಂತು ಕಣ್ಣು ಮುಚ್ಚಿ, "ಶಿವಾ, ನೀನೇ ತೋರಿಸಪ್ಪ" ಅಂತ ಬೇಡಿಕೊಂಡೆ. ಕಣ್ಣು ಬಿಟ್ಟರೆ ರಾಗಿ ಪೈರಿನ ನಡುವೆ ಒಂದು ಸಾಲು ಎಳೆ ಹಸಿರು, ಬೆಣ್ಣೆಯಂಥ ಎಲೆ, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ನಿಂತಿದೆ. ಶಿವ ಇಷ್ಟು ಬೇಗ ಓಗೊಟ್ಟನಲ್ಲ ಅಂತ ಕಣ್ಣಲ್ಲಿ ನೀರೇ ಬಂತು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಚಿವುಟಿ, ಮಡಿಲು ತುಂಬಿಸಿಕೊಂಡು ಬಂದೆ.

ಜಗಲಿ ಮೇಲೆ ಕೂತಿದ್ದ ಮಾವ ಒಂದು ಕುಡಿ ಎತ್ತಿಕೊಂಡು ನೋಡಿದರು. "ಏ ಇವ್ಳೇ, ಬಾ ಇಲ್ಲಿ! ಸೊಸೆ ಕಳೆ ಬುಟ್ಟು ಬೆಳೆ ಕಿತ್ಕೊಂಡು ಬಂದವ್ಳೆ!"

ಅದು ಹುಚ್ಚೆಳ್ಳು. ರಾಗಿ ನಡುವೆ ಅಕ್ಕಡಿ ಸಾಲು ಅಂತ ಬಿತ್ತಿದ್ದು.

ಅತ್ತೆ ಬಯ್ಯಲಿಲ್ಲ. ಒಳಗಿಂದ ಮೊರ ತಂದು ನನ್ನ ಮಡಿಲನ್ನು ಅದರಲ್ಲಿ ಸುರಿಸಿಕೊಂಡರು. ಒಂದೊಂದೇ ಎಲೆ ತಿರುವಿ ನೋಡಿ, ಕೊನೆಗೆ ನಾಲ್ಕು ಎಲೆ ಪಕ್ಕಕ್ಕಿಟ್ಟರು. "ಈ ನಾಕು ದಾರಿ ತಪ್ಪಿ ಬಂದವೆ. ಇವು ಸೊಪ್ಪು." ಆಮೇಲೆ ಮೆಲ್ಲಗೆ ಅಂದರು, "ನಾನು ಚಿಕ್ಕೋಳಿದ್ದಾಗ ನಮ್ಮ ಕೇರೀಲಿ ಒಂದು ಮನೆಯೋರು ತಪ್ಪು ಎಲೆ ಬೇಯಿಸ್ಕೊಂಡು ತಿಂದು, ಎರಡು ದಿನ ಹೊಟ್ಟೆ ಹಿಡ್ಕೊಂಡು ಬಿದ್ದಿದ್ರು. ಅದ್ಕೇ ಹೇಳ್ತೀನಿ. ನೀನು ಕೀಳು, ನಾನು ಸೋಸ್ತೀನಿ. ನನ್ನ ಮೊರ ದಾಟ್ದೆ ಒಂದೆಲೇನೂ ಗಡ್ಗೆಗೆ ಬೀಳ್ಕೂಡ್ದು."

ಅವತ್ತು ರಾತ್ರಿ ದೀಪದ ಮುಂದೆ ಕೈ ಮುಗಿದು ನಾನು ಬಂಗಾರ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ. ಒಂದೇ ಒಂದು ದಿನ ನಾನು ಕಿತ್ತ ಸೊಪ್ಪು ಅತ್ತೆಯ ಮೊರಕ್ಕೆ ಬೀಳದೆ ನೇರವಾಗಿ ಪಾತ್ರೆಗೆ ಬೀಳಲಿ ಅಂತ ಕೇಳಿಕೊಂಡೆ. ಅದರರ್ಥ ಅತ್ತೆ ನನ್ನನ್ನು ಪೂರ್ತಿ ನಂಬಿದರು ಅಂತ.

ಮಾವ ಮಾತ್ರ ಆ ವರ್ಷವೆಲ್ಲ ಹುಚ್ಚೆಳ್ಳು ಚಟ್ನಿಪುಡಿ ತಟ್ಟೆಗೆ ಬಿದ್ದಾಗಲೆಲ್ಲ ನನ್ನ ಕಡೆ ನೋಡಿ ಅನ್ನುತ್ತಿದ್ದರು, "ಈ ಸಲ ಕಮ್ಮಿ ಕಣಮ್ಮ. ಸೊಸೆ ಸೊಪ್ಪು ಅಂತ ಕಿತ್ಕೊಂಬುಟ್ಲು."

ಅಧಿಕಾರಿಗಳು ನಿಂತ ಜಾಗ

ಆಮೇಲೆ ನನಗೆ ಗುಬ್ಬಿ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್ ಕೆಲಸವಾಯಿತು. ನಾವು ಗುಬ್ಬಿಯಲ್ಲೇ ಮನೆ ಮಾಡಿದೆವು, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದೆವು.

ಒಂದು ದಿನ ಶಾಲೆಗೆ ಅಧಿಕಾರಿಗಳು ಬರುತ್ತಾರೆ ಅಂತ ಸುದ್ದಿ ಬಂತು. ಹೆಡ್ಮಾಸ್ಟರು ಗಾಬರಿಯಾಗಿ, "ಮೇಡಂ, ಅಂಗಳದ ತುಂಬ ಕಳೆ ಬೆಳ್ಕೊಂಡಿದೆ. ಮಕ್ಕಳ ಕೈಲಿ ಕೀಳಿಸಿಬಿಡಿ" ಅಂದರು. ಮಕ್ಕಳನ್ನು ಬಿಟ್ಟೆ. ಒಂದು ಗಂಟೆ ಕಳೆದು ಬಂದು ನೋಡುತ್ತೇನೆ, ಅಂಗಳ ಮೊದಲಿಗಿಂತ ಕಾಡಾಗಿದೆ! ಪಾರ್ಥೇನಿಯಂ ಒಂದೂ ಅಲುಗಿಲ್ಲ. ತಿನ್ನುವ ಸೊಪ್ಪನ್ನೆಲ್ಲ ಆರಿಸಿ ಚಿವುಟಿ, ಹೆಣ್ಣುಮಕ್ಕಳು ಲಂಗದ ಮಡಿಲಿಗೆ, ಗಂಡುಮಕ್ಕಳು ಚಡ್ಡಿ ಜೇಬಿಗೆ ತುಂಬಿಸಿಕೊಂಡಿದ್ದಾರೆ.

"ಇದೇನ್ರೋ ಇದು?"

"ಕಳೆ ಕೀಳಿ ಅಂದ್ರಲ್ಲ ಮಿಸ್. ತಿನ್ನೋದೆಲ್ಲ ಕಿತ್ತಿದೀವಿ. ಮಿಕ್ಕಿದ್ದು ದನಾನೂ ತಿನ್ನಲ್ಲ ಮಿಸ್."

ಅಷ್ಟರಲ್ಲಿ ಜೀಪು ಬಂದೇ ಬಿಟ್ಟಿತು. ಅಧಿಕಾರಿಗಳು ಇಳಿದವರೇ ಅಂಗಳದಲ್ಲೇ ಮಕ್ಕಳನ್ನು ನಿಲ್ಲಿಸಿ ಕೇಳಿದರು, "ಮಕ್ಕಳೇ, ಆರೋಗ್ಯಕ್ಕೆ ಸೊಪ್ಪು ತರಕಾರಿ ತಿನ್ನಬೇಕು. ನೀವು ಯಾವ ಯಾವ ಸೊಪ್ಪು ತಿಂತೀರಿ?"

ಮೂರನೇ ಕ್ಲಾಸಿನ ಒಂದು ಹುಡುಗಿ, ಎಂದೂ ಬಾಯಿ ಬಿಡದವಳು, ಮಗ್ಗಿ ಒಪ್ಪಿಸಿದ ಹಾಗೆ ಶುರು ಮಾಡಿದಳು. "ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಸೊಪ್ಪು, ಕೀರೆ ಸೊಪ್ಪು, ಕನ್ನೆ ಸೊಪ್ಪು..." ಅಧಿಕಾರಿಗಳು ಪೆನ್ನು ತೆಗೆದು ಬರೆದುಕೊಳ್ಳಲು ನೋಡಿ, ಅರ್ಧಕ್ಕೇ ಸೋತು ಕೇಳಿದರು, "ಇದೆಲ್ಲ ಎಲ್ಲಮ್ಮ ಸಿಗುತ್ತೆ? ಗುಬ್ಬಿ ಸಂತೇಲಾ?"

"ಅಲ್ಲ ಸಾರ್, ಇಲ್ಲೇ. ಕೀಳ್ದೆ ಮಿಕ್ಕಿದ್ದ ಹೊನಗೊನೆ ಮೇಲೆ ನೀವು ನಿಂತಿದೀರ. ಕಾಲು ತೆಗೀರಿ, ಕಿತ್ಕೊಡ್ತೀನಿ."

ಹೆಡ್ಮಾಸ್ಟರು ಗೋಡೆ ಹಿಡಿದುಕೊಂಡರು. ಪುಣ್ಯಾತ್ಮರು ಅಧಿಕಾರಿಗಳು ನಕ್ಕು ಕಾಲು ತೆಗೆದರು.

ಆ ಶನಿವಾರ ಮಕ್ಕಳು ಕೊಟ್ಟ ಸೊಪ್ಪನ್ನು ಒಂದು ಚೀಲ ತುಂಬಿಸಿಕೊಂಡು ಊರಿಗೆ ಹೋದೆ. ಸುಳ್ಳು ಹೇಳಲಿಲ್ಲ, ಶಿವನಾಣೆ. ನಾನೇ ಕಿತ್ತೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ, ಸುಮ್ಮನೆ ಮುಂದಿಟ್ಟೆ ಅಷ್ಟೆ. ಅತ್ತೆ ಮೊರಕ್ಕೆ ಸುರಿದು ಸೋಸಿದರು. ಒಂದು ಎಲೆಯೂ ಪಕ್ಕಕ್ಕೆ ಹೋಗಲಿಲ್ಲ! ಅತ್ತೆ ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು.

"ಒಳ್ಳೆ ಸೊಪ್ಪು. ಯಾರು ಕಿತ್ಕೊಟ್ರಮ್ಮಿ?"

ವ್ಯಾನಿನಿಂದ ಇಳಿದವರು

ಒಂದು ಸಲ ನೆಂಟರೆಲ್ಲ ಸೇರಿ ವ್ಯಾನು ಮಾಡಿಕೊಂಡು ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ದರ್ಶನ ಮಾಡಿಕೊಂಡು ಬರುತ್ತಿದ್ದೆವು. ಪ್ರಸಾದ ಉಂಡು ಎಲ್ಲರಿಗೂ ತೂಕಡಿಕೆ. ಇದ್ದಕ್ಕಿದ್ದಂತೆ ಕಿಟಕಿ ಪಕ್ಕ ಕೂತಿದ್ದ ಅತ್ತೆ ಕೂಗಿಕೊಂಡರು, "ನಿಲ್ಸಪ್ಪಾ! ನಿಲ್ಸು ನಿಲ್ಸು!"

ಡ್ರೈವರು ಹೌಹಾರಿ ಬ್ರೇಕು ಹಾಕಿದ. ಅಜ್ಜಿಗೆ ವಾಂತಿ ಅಂತ ಒಬ್ಬರು ನಿಂಬೆಹಣ್ಣು ಹುಡುಕಿದರು, ಒಬ್ಬರು ಪ್ಲಾಸ್ಟಿಕ್ ಕವರು ಹಿಡಿದರು. ಅತ್ತೆ ಆ ಕವರನ್ನು ಕಿತ್ತುಕೊಂಡು, ಇಳಿದು, ರಸ್ತೆ ಪಕ್ಕದ ಹೊಲಕ್ಕೆ ನುಗ್ಗಿದರು. ಬದುವಿನ ತುಂಬ ಗಣಿಕೆ ಸೊಪ್ಪು.

ಹೊಲದವನು ಅಲ್ಲೆಲ್ಲೋ ಇದ್ದವನು ಓಡಿ ಬಂದ. "ಯಾರಮ್ಮೋ ಅದು? ನಮ್ಮ ಹೊಲದಾಗೆ ಏನ್ ಕೀಳ್ತಿದೀಯ?"

ಅತ್ತೆ ತಲೆ ಎತ್ತಲಿಲ್ಲ. "ಏನ್ಲಾ ಮಗಾ, ಇಂಥ ಗಣಿಕೇನ ಬಲಿಯೋಕೆ ಬುಟ್ಟಿದೀಯಲ್ಲ, ನಿಮ್ಮನೇಲಿ ಉಣ್ಣೋರಿಲ್ವೇನ್ಲಾ? ಮಕ್ಕಳು ಮರಿ ಅವೋ ಇಲ್ವೋ?"

"ಅವೆ ಕಣಜ್ಜಿ."

"ಇದ್ರೆ ಕಿತ್ಕೊಂಡೋಗಿ ಸಾರು ಮಾಡ್ಸು. ಮುಖ ನೋಡು, ಎಷ್ಟು ಬಡವಾಗಿದೀಯ!"

ಬಯ್ಯಲು ಬಂದವನು ಬೈಸಿಕೊಂಡು, ಟವೆಲ್ಲು ಹಾಸಿ ಅತ್ತೆ ಜೊತೆ ತಾನೂ ಕೀಳಲು ಕೂತ. ನಾನೂ ಇಳಿದು ಒಂದು ಹಿಡಿ ಕಿತ್ತೆ. ವ್ಯಾನು ಹೊರಟ ಮೇಲೆ ಅತ್ತೆ ನನ್ನ ಹಿಡಿಯನ್ನು ಮಾತ್ರ ಬೇರೆ ಮಾಡಿ ಸೆರಗಿನ ಮೇಲೆ ಹರಡಿ ಸೋಸಲು ಶುರು ಮಾಡಿದರು.

ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ, "ಅತ್ತೆ, ಆ ಹೊಲದವನು ಕಿತ್ತುಕೊಟ್ಟಿದ್ದು ಸೋಸಲ್ವಾ?"

"ಅವ್ನು ರೈತ ಕಣವ್ವ. ನೀನು ಮೇಷ್ಟ್ರು."

ಓಲೆ

ಮಾವ ಶಿವನ ಪಾದ ಸೇರಿದರು. ನಾವು ತುಮಕೂರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಅತ್ತೆಯನ್ನು ಕರೆದುಕೊಂಡು ಬಂದೆವು. ಅತ್ತೆ ತಂದದ್ದು ಒಂದು ಟ್ರಂಕು, ಒಂದು ಮೊರ. ಮನೆ ಪಕ್ಕದಲ್ಲೇ ಒಂದು ಖಾಲಿ ಸೈಟು. ಮಳೆ ಬಂದರೆ ಊರಿನ ಹೊಲವೇ ಅಲ್ಲಿಗೆ ಬಂದು ಇಳಿದ ಹಾಗೆ ಸೊಪ್ಪು.

ಸೊಪ್ಪು ಚಿವುಟುವಾಗ ಮನಸ್ಸಿನಲ್ಲೇ ನೂರೆಂಟು ಸಲ ನಮಃ ಶಿವಾಯ ಅನ್ನುವುದು ನನ್ನ ರೂಢಿ. ನಡುವೆ ಮಾತಾಡುವುದಿಲ್ಲ. ಒಂದು ಬೆಳಿಗ್ಗೆ ನನ್ನ ಎಣಿಕೆ ಐವತ್ತರ ಹತ್ತಿರ ಬಂದಿತ್ತು. ವಾಕಿಂಗ್ ಬಂದ ರಿಟೈರ್ಡ್ ಇಂಜಿನಿಯರೊಬ್ಬರು, "ಮೇಡಂ, ಏನಾದ್ರೂ ಬಿತ್ತಾ?" ಅಂತ ಕೇಳಿದರು. ತಡೀರಿ ಅಂತ ಕೈ ಎತ್ತಿದೆ. ಕೈ ಕಿವಿಯ ಹತ್ತಿರ ಹೋಗಿರಬೇಕು.

"ಅಯ್ಯಯ್ಯೋ, ಓಲೆ! ಮೇಡಂ ಓಲೆ ಬಿದ್ದೋಗಿದೆ ಬನ್ರೀ!"

ಐದು ನಿಮಿಷದಲ್ಲಿ ಏಳು ಜನ ಸೈಟಿನಲ್ಲಿದ್ದರು. ಎದುರು ಮನೆಯಾಕೆ ಪೊರಕೆ ತಂದರು. ಬಿಸಿಲು ಹೊಳೆಯುತ್ತಿದ್ದರೂ ಒಬ್ಬರು ಮೊಬೈಲು ಟಾರ್ಚು ಹಾಕಿದರು. "ವಜ್ರದ್ದಂತೆ" ಅಂತ ಯಾರೋ ಅಂದರು. ಈ ಗಲಾಟೆಯಲ್ಲಿ ನನ್ನ ಎಣಿಕೆ ತಪ್ಪಿತು. ಶಿವನಿಗೆ ಅರ್ಧಂಬರ್ಧ ಕೊಡುವುದು ಹೇಗೆ? ಮತ್ತೆ ಒಂದರಿಂದ ಶುರು ಮಾಡಿದೆ. ನೂರೆಂಟು ಮುಗಿದ ಮೇಲೆ ಬಾಯಿ ಬಿಟ್ಟೆ. "ಓಲೆ ಎರಡೂ ಕಿವಿಯಲ್ಲೇ ಇವೆ ಸಾರ್. ನಾನು ಸಾರಿಗೆ ಸೊಪ್ಪು ಕೀಳ್ತಿದ್ದೆ."

ಏಳು ಜನರೂ ಬಗ್ಗಿದವರು ಬಗ್ಗಿದ ಹಾಗೇ ನನ್ನನ್ನು ನೋಡಿದರು. ಇಂಜಿನಿಯರು ಸೊಂಟ ಹಿಡಿದು ಎದ್ದು, "ಮೊದಲೇ ಹೇಳಬಾರದಾ ಮೇಡಂ? ನನ್ನ ಡಾಕ್ಟ್ರು ಬಗ್ಗಲೇಬೇಡಿ ಅಂದಿದ್ರು" ಅಂದರು.

ಮನೆಗೆ ಬಂದು ಮೊರಕ್ಕೆ ಸುರಿದೆ. ಅತ್ತೆ ಎಲೆ ಎತ್ತಿ ನೋಡಿ ಅಂದರು, "ಇದೇನಮ್ಮಿ, ಬೇಯಿಸೋಕೆ ಮುಂಚೇನೇ ಯಾರೋ ತುಳಿದು ಮಸ್ಸೊಪ್ಪು ಮಾಡವ್ರೆ!"

ತಾಜಾ

ಇದು ಚಿಕ್ಕದು. ಒಂದು ದಿನ ನನಗೆ ಜ್ವರ. ಬಾಗಿಲಿಗೆ ಸೊಪ್ಪಿನಾಕೆ ಬಂದಳು. ಬುಟ್ಟಿಯಲ್ಲಿ ಬೆರಕೆ ಸೊಪ್ಪು! ಎಷ್ಟು ಹಸಿ, ಮೇಲೆ ಇನ್ನೂ ಇಬ್ಬನಿ. ಖುಷಿಯಿಂದ ಕೊಂಡೆ. "ಎಲ್ಲಿದಮ್ಮ ಇದು? ಊರ್ಡಿಗೆರೆ ಕಡೇದಾ?" ಅಂದೆ.

"ಅಷ್ಟು ದೂರದ್ದಾದ್ರೆ ಬಾಡೋಗಲ್ವಾ ಅಕ್ಕಾ? ನಿಮ್ಮ ಕಾಂಪೌಂಡು ಪಕ್ಕದ ಸೈಟಿಂದು. ನೀವು ಇವತ್ತು ಬರ್ಲಿಲ್ಲ, ಅದ್ಕೇ ಕಿತ್ತೆ."

ಶ್ರಾವಣ ಸೋಮವಾರ

ಇದು ಹೋದ ಶ್ರಾವಣದ್ದು. ಅತ್ತೆಗೆ ಎಂಬತ್ತು ದಾಟಿದೆ. ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟಿದ್ದರು. ಅದನ್ನು ಹಾಕಿಕೊಂಡೇ ದೇವರ ಮನೆಯಲ್ಲಿ ಕೂರುತ್ತಿದ್ದರು.

ಸೋಮವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ಒಂದು ಬುಟ್ಟಿಯಲ್ಲಿ ಪೂಜೆಗೆ ಬಿಲ್ವಪತ್ರೆ ತಂದೆ. ಇನ್ನೊಂದು ಬುಟ್ಟಿಯಲ್ಲಿ ಸಾರಿಗೆ ಬೆರಕೆ ಸೊಪ್ಪು. ಎರಡೂ ಒಂದೇ ಬಣ್ಣದ ಪ್ಲಾಸ್ಟಿಕ್ ಬುಟ್ಟಿ. ಎರಡನ್ನೂ ಅಡಿಗೆ ಮನೆ ಕಟ್ಟೆ ಮೇಲಿಟ್ಟು ಬಾಗಿಲಿಗೆ ರಂಗೋಲಿ ಹಾಕಲು ಹೋದೆ.

ತಿರುಗಿ ಬಂದು ದೇವರ ಮನೆಗೆ ಇಣುಕಿದೆ. ಅತ್ತೆ ಭಕ್ತಿಯಿಂದ ಒಂದೊಂದೇ ಎಲೆ ಎತ್ತಿ, "ನಮಃ ಶಿವಾಯ, ನಮಃ ಶಿವಾಯ" ಅಂತ ಲಿಂಗದ ಮೇಲೆ ಇಡುತ್ತಿದ್ದಾರೆ. ಲಿಂಗದ ನೆತ್ತಿಯಲ್ಲಿ ಗಣಿಕೆ. ಎರಡು ಪಕ್ಕಕ್ಕೂ ಜಟೆ ಇಳಿಬಿಟ್ಟ ಹಾಗೆ ಅಣ್ಣೆ ಸೊಪ್ಪು. ದಪ್ಪ ದಂಟಿನ ಗೋಣಿ ಸೊಪ್ಪು ನಿಲ್ಲದೆ ಜಾರಿ ಬೀಳುತ್ತಿದೆ, ಅತ್ತೆ ಬಿಡದೆ ಮತ್ತೆ ಎತ್ತಿ ಇಡುತ್ತಿದ್ದಾರೆ. ಪರಶಿವ ನಮ್ಮೂರ ಹೊಲದ ಬದುವಿನ ಹಾಗೆ ಕಾಣುತ್ತಿದ್ದಾನೆ!

ನಡುವೆ ಪೂಜೆ ನಿಲ್ಲಿಸುವುದುಂಟೇ? ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ. ಆಗ ಅಡಿಗೆ ಮನೆಯಲ್ಲಿ ಕುಕ್ಕರು ಒಂದು ವಿಶಲ್ ಹಾಕಿತು. ಸೊಪ್ಪು ಇಲ್ಲಿದ್ದರೆ ಕುಕ್ಕರಿನಲ್ಲಿ ಏನಿದೆ?

ನಮ್ಮನೆಯವರು ಒಲೆ ಮುಂದೆ ಹೆಮ್ಮೆಯಿಂದ ನಿಂತಿದ್ದರು. ಅವರಿಗೆ ಕೊತ್ತಂಬರಿಗೂ ಪುದೀನಕ್ಕೂ ವ್ಯತ್ಯಾಸ ಗೊತ್ತಾಗುವುದು ಚಟ್ನಿಯಾದ ಮೇಲೆ. "ನಿಂಗೆ ಸುಸ್ತು ಅಂತ ನಾನೇ ಇಟ್ಟೆ ಕಣೇ, ಬೇಳೆ ಹಾಕಿ. ಸೊಪ್ಪು ಎಷ್ಟು ನೀಟಾಗಿತ್ತು! ಎಲ್ಲ ಮೂರು ಮೂರು ಎಲೆ. ಅವ್ವ ಸೋಸಿಟ್ಟವ್ರೆ ಅಂದ್ಕೊಂಡೆ."

ಮಂಗಳಾರತಿ ಆದ ಮೇಲೆ ಅತ್ತೆಯ ಪಕ್ಕ ಕೂತು ಮೆಲ್ಲಗೆ ಹೇಳಿದೆ. ಅತ್ತೆ ಕನ್ನಡಕ ತೆಗೆದರು. ಬಗ್ಗಿ ಲಿಂಗದ ಮೇಲಿನ ಒಂದು ಎಲೆ ಎತ್ತಿ ಮೂಸಿದರು.

"ಹುಟ್ಟಿದಾಗಿಂದ ಎಲೆ ನೋಡ್ದೋಳು ನಾನು" ಅಂದರು. "ದೇವ್ರ ತಲೆ ಮೇಲೆ ಸಾರಿನ ಸೊಪ್ಪು ಹಾಕ್ಬುಟ್ನಲ್ಲಮ್ಮಿ."

"ಅತ್ತೆ, ಆ ಸೊಪ್ಪೂ ಅವನೇ ಬೆಳೆಸಿದ್ದು. ನಾವು ನೀರು ಕೂಡ ಹಾಕಿಲ್ಲ. ಅವನದನ್ನ ಅವನಿಗೇ ಕೊಟ್ಟಿದೀರ, ಅದರಲ್ಲಿ ತಪ್ಪೇನು?" ಅಂದೆ. ಅತ್ತೆ ಜಾರಿ ಬಿದ್ದಿದ್ದ ಗೋಣಿ ಸೊಪ್ಪನ್ನು ಎತ್ತಿ ಮತ್ತೆ ಲಿಂಗದ ಮೇಲಿಟ್ಟರು.

ಇನ್ನೊಂದು ಧರ್ಮಸಂಕಟ ಉಳಿದಿತ್ತು. ಶಿವನಿಗೆ ಅಂತ ಕಿತ್ತ ಬಿಲ್ವವನ್ನು ಕಸಕ್ಕೆ ಹಾಕುವ ಹಾಗಿಲ್ಲ. ಶಿವನಿಗೆ ಏರಿಸಿದ ಸೊಪ್ಪು ಪ್ರಸಾದ, ಅದನ್ನೂ ಹಾಕುವ ಹಾಗಿಲ್ಲ. ಅತ್ತೆ ತೀರ್ಪು ಕೊಟ್ಟರು: "ಎರಡನ್ನೂ ಉಣ್ಣೋದೇಯ. ಮಧ್ಯಾಹ್ನಕ್ಕೆ ಅದು, ಸಂಜಿಗೆ ಇದು."

ಮಧ್ಯಾಹ್ನ ಬಿಲ್ವಪತ್ರೆ ಸಾರು. ನಮ್ಮನೆಯವರು ಮುದ್ದೆ ಮುರಿದು, ಅದ್ದಿ, ಮೊದಲ ತುತ್ತು ನುಂಗಿದರು. ಕಣ್ಣು ಮೇಲಕ್ಕೆ ಹೋಯಿತು.

"ಹೆಂಗದೆ ಮಗಾ?" ಅಂತ ಅತ್ತೆ ಕೇಳಿದರು.

"ಕೈಲಾಸ ಹತ್ರ ಬಂದಂಗಾಯ್ತು ಕಣವ್ವ."

ಸಂಜೆ ಲಿಂಗದ ಮೇಲಿನ ಸೊಪ್ಪನ್ನು ಕಣ್ಣಿಗೊತ್ತಿಕೊಂಡು ತೆಗೆದೆ. ಅಭ್ಯಾಸ ಬಲ, ಮೊರ ತಂದು ಅತ್ತೆಯ ಮುಂದಿಟ್ಟು ಸುರಿಯಲು ಹೋದೆ. ಅತ್ತೆ ಕೈ ಅಡ್ಡ ಹಿಡಿದರು.

"ಬ್ಯಾಡ ಬುಡು. ನಾನು ಸೋಸ್ದೆ ಇರೋ ಸೊಪ್ಪನ್ನ ಬೆಳಿಗ್ಗೆಯಿಂದ ಅವ್ನು ತಲೆ ಮೇಲಿಟ್ಕೊಂಡವ್ನೆ. ಒಂದೆಲೇನೂ ಬ್ಯಾಡ ಅಂದಿಲ್ಲ. ಅವ್ನೇ ಒಪ್ಪಿದ್ಮೇಲೆ ನಾನ್ಯಾರಮ್ಮಿ ಸೋಸೋಕೆ? ತೊಳಿ, ಗಡ್ಗೆಗೆ ಹಾಕು."

ಮೂವತ್ತು ವರ್ಷ ಕಾದ ಮಾತು. ಸೊಪ್ಪು ತೊಳೆಯುವಾಗ ನಲ್ಲಿ ನೀರಿನ ಜೊತೆ ನನ್ನ ಕಣ್ಣೀರೂ ಬಿತ್ತು. ಆ ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದ್ದು ಅದಕ್ಕೇ ಇರಬೇಕು. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಮಾರನೇ ದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಮತ್ತೆ ಮೊರ ಹಿಡಿದು ಕೂತಿದ್ದಾರೆ. "ಅತ್ತೆ, ಇನ್ನು ಸೋಸಲ್ಲ ಅಂದ್ರಲ್ಲ?"

"ನಿನ್ನ ಸೊಪ್ಪಲ್ಲ ಕಣಮ್ಮಿ. ಪೂಜೆ ಪತ್ರೆ ತಾ, ಅದನ್ನ ಸೋಸ್ತೀನಿ. ಅವ್ನಿಗೆ ನಿನ್ನೆ ರುಚಿ ಹತ್ಬುಟ್ಟದೆ. ಇವತ್ತೂ ಒಂದು ಗಣಿಕೆ ಎಲೆ ಸೇರ್ಕೊಂಡು ಹೋದ್ರೆ, ನಾಳೆ ಒಗ್ಗರಣೆ ಎಲ್ಲಿ ಅಂತಾನೆ!"

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಬಾಗಿಲ ಮುಂದೆ ಬಿತ್ತದೆಯೂ ಹಸಿರು ಚಿಗುರಲಿ. ಉಂಡದ್ದು ಮೈಗೆ ಹತ್ತಲಿ, ನಕ್ಕಿದ್ದು ಮನಸ್ಸಿನಲ್ಲಿ ನಿಲ್ಲಲಿ. ನಿಮ್ಮನ್ನೂ ನಿಮ್ಮ ಮನೆಯ ಹಿರಿಯರನ್ನೂ ಮಕ್ಕಳನ್ನೂ ಆ ಶಿವ ತಣ್ಣಗೆ ಇಟ್ಟಿರಲಿ.